ಉಳಿತಾಯವನ್ನು ಮಾರಿದ ಮ್ಯಾಥ್ಯೂ ಬೋಲ್ಟನ್

ವಿಜ್ಞಾನ ವಿಭಾಗದ ಗೆಳತಿಯರಿಗೆ ಜೇಮ್ಸ್ ವಾಟ್ ಯಾರೆಂದು ಹೇಳಿಕೊಡಬೇಕಾಗಿಲ್ಲ. ತರಗತಿಯ ಟ್ಯೂಬ್‌ಲೈಟ್ ಮೇಲೂ ಅವರ ಹೆಸರು ಅಚ್ಚಾಗಿದೆ. ಆದರೆ ವಾಟ್ ರೂಪಿಸಿದ ಉಗಿ ಎಂಜಿನ್ನನ್ನು ಗಣಿಗಳಿಗೂ ಗಿರಣಿಗಳಿಗೂ ಮುಟ್ಟಿಸಿದವರು ಯಾರು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರ ಹೆಸರು ಮ್ಯಾಥ್ಯೂ ಬೋಲ್ಟನ್. ವಾಟ್ ಅವರನ್ನು ವಿಜ್ಞಾನ ವಿಭಾಗದವರು ಇಟ್ಟುಕೊಳ್ಳಲಿ; ಬೋಲ್ಟನ್ ನಮ್ಮ ವಾಣಿಜ್ಯ ವಿಭಾಗದವರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ವ್ಯವಹಾರ ಅಧ್ಯಯನದ ಪಾಠದಲ್ಲಿ ಮಾರುಕಟ್ಟೆ ಮಿಶ್ರಣ ಎಂಬ ಅಧ್ಯಾಯವನ್ನು ನಾವೆಲ್ಲ ಓದುತ್ತೇವೆ. ಉತ್ಪನ್ನ, ಬೆಲೆ, ಸ್ಥಳ, ಪ್ರವರ್ತನೆ ಎಂದು ನಾಲ್ಕನ್ನೂ ಬಾಯಿಪಾಠ ಮಾಡುತ್ತೇವೆ. ಉದಾಹರಣೆ ಕೊಡಿ ಎಂದರೆ ಸೋಪು, ಟೂತ್‌ಪೇಸ್ಟ್, ಮೊಬೈಲ್ ಎನ್ನುತ್ತೇವೆ. ಆದರೆ ಯಂತ್ರ ತಯಾರಿಸುವ ಕಾರ್ಖಾನೆಯ ಗಿರಾಕಿ ಮನೆಯ ಜನರಲ್ಲ, ಇನ್ನೊಂದು ಕಾರ್ಖಾನೆಯ ಯಜಮಾನ. ಅವನು ಬಣ್ಣದ ಜಾಹೀರಾತಿಗೆ ಮರುಳಾಗುವುದಿಲ್ಲ. ಲೆಕ್ಕ ಹಾಕುತ್ತಾನೆ, ಅನುಮಾನ ಪಡುತ್ತಾನೆ, ಹಳೆಯ ಯಂತ್ರ ಇನ್ನೂ ನಡೆಯುತ್ತಿದೆಯಲ್ಲ ಎನ್ನುತ್ತಾನೆ. ಅಂಥವನಿಗೆ ಹೊಸ ಯಂತ್ರ ಮಾರುವುದು ಹೇಗೆ? ಈ ಪ್ರಶ್ನೆಗೆ ಸುಮಾರು 250 ವರ್ಷಗಳ ಹಿಂದೆಯೇ ಉತ್ತರ ಕಂಡುಕೊಂಡವರು ಬೋಲ್ಟನ್. ಅದಕ್ಕೇ ಈ ಸಂಚಿಕೆಗೆ ಅವರ ಜೀವನವನ್ನು ಆರಿಸಿಕೊಂಡೆ.

ಬೋಲ್ಟನ್ 1728ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದರು. ತಂದೆಯದು ಗುಂಡಿ, ಬಕಲ್ ಮುಂತಾದ ಸಣ್ಣ ಲೋಹದ ಸಾಮಾನು ತಯಾರಿಸುವ ಕಸುಬು. ಆಗ ಆ ಊರಿನ ಗಲ್ಲಿಗಲ್ಲಿಯಲ್ಲೂ ಇಂಥ ಕಮ್ಮಟಗಳಿದ್ದವು. ಎಲ್ಲರೂ ಒಂದೇ ಬಗೆಯ ಸಾಮಾನು ಮಾಡುತ್ತಿದ್ದರಿಂದ ಬೆಲೆ ಇಳಿಸುವುದೊಂದೇ ಪೈಪೋಟಿಯ ದಾರಿಯಾಗಿತ್ತು. ಬೆಲೆ ಇಳಿದಂತೆ ಗುಣವೂ ಇಳಿಯಿತು. ಬರ್ಮಿಂಗ್‌ಹ್ಯಾಮ್ ಮಾಲು ಎಂದರೆ ಅಗ್ಗದ, ಕಳಪೆ ಮಾಲು ಎಂಬ ಕೆಟ್ಟ ಹೆಸರು ಊರಿಗೇ ಅಂಟಿಕೊಂಡಿತು.

ತಂದೆ 1759ರಲ್ಲಿ ತೀರಿಕೊಂಡ ಮೇಲೆ ವ್ಯಾಪಾರವೆಲ್ಲ ಬೋಲ್ಟನ್ ಕೈಗೆ ಬಂತು. ಅಗ್ಗದ ಪೈಪೋಟಿಯಲ್ಲಿ ತಾನೂ ಒಬ್ಬನಾಗಿ ಉಳಿಯಲು ಅವರಿಗೆ ಮನಸ್ಸಿರಲಿಲ್ಲ. ಊರಿನಿಂದ ಸುಮಾರು ಎರಡು ಮೈಲಿ ದೂರದ ಸೋಹೋ ಎಂಬಲ್ಲಿ 1761ರಲ್ಲಿ ಜಾಗ ಹಿಡಿದು, ಕೆಲವೇ ವರ್ಷಗಳಲ್ಲಿ ದೊಡ್ಡ ಕಾರ್ಖಾನೆ ಕಟ್ಟಿಸಿದರು. ಚದುರಿಹೋಗಿದ್ದ ಕೆಲಸಗಳನ್ನು ಒಂದೇ ಸೂರಿನಡಿ ತಂದರು. ಕಾರ್ಖಾನೆಯನ್ನು ನೋಡಲು ಬಂದವರನ್ನು ಬಾಗಿಲಿಂದಲೇ ಹಿಂದೆ ಕಳಿಸಲಿಲ್ಲ. ಒಳಗೆ ಕರೆದು ತೋರಿಸಿದರು. ದೂರದೂರದ ಗಣ್ಯರು ಸೋಹೋ ನೋಡಿ ಹೋಗಿ ತಮ್ಮ ಊರಿನಲ್ಲಿ ಅದರ ಮಾತಾಡಿದರು. ಪ್ರವರ್ತನೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುವುದನ್ನು ಅವರು ಕಾರ್ಖಾನೆಯ ಬಾಗಿಲು ತೆರೆದೇ ಮಾಡಿದರು.

ಇನ್ನೊಂದು ಸಂಗತಿ ನನಗೆ ತುಂಬ ಹಿಡಿಸಿತು. ಬೋಲ್ಟನ್ ಬೆಳ್ಳಿ ಸಾಮಾನು ತಯಾರಿಸಲು ತೊಡಗಿದಾಗ ಪ್ರತಿಯೊಂದು ತುಂಡಿನ ಮೇಲೂ ಶುದ್ಧತೆಯ ಮುದ್ರೆ ಒತ್ತಿಸಬೇಕಿತ್ತು. ಹತ್ತಿರದ ಪರೀಕ್ಷಾ ಕಚೇರಿ ಇದ್ದದ್ದು 70 ಮೈಲಿಗೂ ಹೆಚ್ಚು ದೂರದ ಚೆಸ್ಟರ್‌ನಲ್ಲಿ. ಸಾಮಾನು ಹೋಗಿ ಬರುವಷ್ಟರಲ್ಲಿ ಗೀರು ಬೀಳುತ್ತಿತ್ತು, ದಿನಗಳೂ ಕಳೆಯುತ್ತಿದ್ದವು. ಬರ್ಮಿಂಗ್‌ಹ್ಯಾಮ್‌ಗೇ ಒಂದು ಪರೀಕ್ಷಾ ಕಚೇರಿ ಬೇಕೆಂದು ಬೋಲ್ಟನ್ ಪಾರ್ಲಿಮೆಂಟಿನ ಮುಂದೆ ಹೋರಾಡಿದರು. ಲಂಡನ್ನಿನ ಬೆಳ್ಳಿ ಕೆಲಸದವರು ಬಲವಾಗಿ ವಿರೋಧಿಸಿದರೂ 1773ರಲ್ಲಿ ಕಚೇರಿ ಮಂಜೂರಾಯಿತು. ಅದು ಇಂದಿಗೂ ಇದೆ. ನಮ್ಮ ಮಾಲು ಒಳ್ಳೆಯದು ಎಂದು ಮಾರುವವನೇ ಹೇಳಿಕೊಂಡರೆ ಸಾಲದು, ಮೂರನೆಯವರು ಅಳೆದು ಹೇಳಬೇಕು ಎಂಬ ಈ ತಿಳಿವಳಿಕೆ ಮುಂದೆ ಎಂಜಿನ್ ವ್ಯಾಪಾರದಲ್ಲಿ ಅವರ ಕೈ ಹಿಡಿಯಿತು.

ಬೋಲ್ಟನ್ ಎಂಜಿನ್ ಕಡೆಗೆ ಬಂದದ್ದು ತಮ್ಮದೇ ತೊಂದರೆಯಿಂದ. ಸೋಹೋದ ಯಂತ್ರಗಳು ನೀರಿನ ಚಕ್ರದಿಂದ ನಡೆಯುತ್ತಿದ್ದವು. ಬೇಸಿಗೆಯಲ್ಲಿ ತೊರೆಯ ನೀರು ಇಳಿದರೆ ಕೆಲಸ ನಿಲ್ಲುತ್ತಿತ್ತು. ಉಗಿಯಿಂದ ನೀರೆತ್ತಿ ಮತ್ತೆ ಚಕ್ರದ ಮೇಲೆ ಬಿಡಬಹುದೇ ಎಂದು ಅವರು ಯೋಚಿಸಿದರು. 1766ರಲ್ಲಿ ಒಂದು ಮಾದರಿ ಮಾಡಿಸಿ ಬೆಂಜಮಿನ್ ಫ್ರಾಂಕ್ಲಿನ್ ಅವರಿಗೂ ಕಳಿಸಿ ಅಭಿಪ್ರಾಯ ಕೇಳಿದರು.

ಅದೇ ಕಾಲಕ್ಕೆ ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ವಾಟ್ ಅವರಿಗೆ ಹೊಸ ಉಪಾಯ ಹೊಳೆದಿತ್ತು. ಗಣಿಯ ನೀರೆತ್ತಲು ಥಾಮಸ್ ನ್ಯೂಕಾಮನ್ ಅವರ ಎಂಜಿನ್ 1712ರಿಂದಲೇ ಬಳಕೆಯಲ್ಲಿತ್ತು. ಆದರೆ ಅದು ಸಿಲಿಂಡರನ್ನು ಪ್ರತಿ ಸಲವೂ ಕಾಯಿಸಿ ಮತ್ತೆ ತಣಿಸುತ್ತಿದ್ದುದರಿಂದ ಕಲ್ಲಿದ್ದಲನ್ನು ಬಕಾಸುರನ ಹಾಗೆ ತಿನ್ನುತ್ತಿತ್ತು. ವಾಟ್ ಉಗಿಯನ್ನು ತಣಿಸಲು ಬೇರೆಯೇ ಒಂದು ಪಾತ್ರೆ ಇಟ್ಟರು. ಸಿಲಿಂಡರ್ ಸದಾ ಬಿಸಿಯಾಗಿಯೇ ಉಳಿಯಿತು, ಕಲ್ಲಿದ್ದಲು ಉಳಿಯಿತು. 1769ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಅದರ ಮೂರನೇ ಎರಡು ಪಾಲು ಹಣ ಹಾಕಿದ್ದ ಜಾನ್ ರೋಬಕ್ ಅವರದಾಗಿತ್ತು.

ಮೂರು ಜಿಲ್ಲೆಗಳಿಗೆ ಮಾತ್ರ ಎಂಜಿನ್ ತಯಾರಿಸುವ ಹಕ್ಕು ಕೊಡುತ್ತೇವೆ ಎಂದು ಅವರು ಬೋಲ್ಟನ್‌ರಿಗೆ ಹೇಳಿ ಕಳಿಸಿದರು. ಬೇರೆಯವರಾಗಿದ್ದರೆ ಸಿಕ್ಕಿದ್ದೇ ಲಾಭ ಎನ್ನುತ್ತಿದ್ದರೋ ಏನೋ. ಬೋಲ್ಟನ್ ಒಪ್ಪಲಿಲ್ಲ. ಮೂರು ಜಿಲ್ಲೆಗಾಗಿ ಮಾಡುವುದರಲ್ಲಿ ಹುರುಳಿಲ್ಲ, ಮಾಡಿದರೆ ಇಡೀ ಲೋಕಕ್ಕೆ ಮಾಡಬೇಕು ಎಂಬುದು ಅವರ ಉತ್ತರದ ತಿರುಳು. ಒಳ್ಳೆಯ ಹತಾರ, ಪಳಗಿದ ಕೆಲಸಗಾರರು ಇಲ್ಲದೆ ಈ ಎಂಜಿನ್ ನೆಟ್ಟಗೆ ಓಡುವುದಿಲ್ಲ, ಅವಕ್ಕೆ ಬೇಕಾದ ಹಣ ಮೂರು ಜಿಲ್ಲೆಯ ವ್ಯಾಪಾರದಿಂದ ಹುಟ್ಟುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು. ಕಾದರು. 1773ರಲ್ಲಿ ರೋಬಕ್ ದಿವಾಳಿಯಾದಾಗ, ತಮಗೆ ಬರಬೇಕಿದ್ದ 1,200 ಪೌಂಡ್ ಸಾಲದ ಬದಲಿಗೆ ಆ ಪಾಲನ್ನು ಪಡೆದರು. ಮರುವರ್ಷ ವಾಟ್ ಬರ್ಮಿಂಗ್‌ಹ್ಯಾಮ್‌ಗೆ ಬಂದರು. ಪೇಟೆಂಟಿನ ಅವಧಿ ಕಡಿಮೆ ಉಳಿದಿತ್ತು. 1775ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆ ಮಾಡಿಸಿ ಅದನ್ನು 1800ರವರೆಗೆ ವಿಸ್ತರಿಸಿಕೊಂಡರು. ಜಾನ್ ವಿಲ್ಕಿನ್‌ಸನ್ ಎಂಬ ಕಬ್ಬಿಣದ ಉದ್ಯಮಿ ನಿಖರವಾಗಿ ಕೊರೆದ ಸಿಲಿಂಡರ್ ಕೊಡತೊಡಗಿದ ಮೇಲೆ ಉಗಿ ಸೋರುವ ಕಾಟವೂ ತಪ್ಪಿತು. 1776ರ ಮಾರ್ಚ್‌ನಲ್ಲಿ ಟಿಪ್ಟನ್ ಬಳಿಯ ಬ್ಲೂಮ್‌ಫೀಲ್ಡ್ ಕಲ್ಲಿದ್ದಲು ಗಣಿಯಲ್ಲಿ ಜನರೆದುರೇ ಎಂಜಿನ್ ಓಡಿಸಿ ತೋರಿಸಿದರು. ಪತ್ರಿಕೆಯಲ್ಲೂ ಸುದ್ದಿ ಬಂತು.

ಈಗ ನಿಜವಾದ ಕಷ್ಟ ಎದುರಾಯಿತು. ಗಣಿಯ ಯಜಮಾನನ ಜಾಗದಲ್ಲಿ ನಿಂತು ನೋಡಿ. ಅವನ ಬಳಿ ನ್ಯೂಕಾಮನ್ ಎಂಜಿನ್ ಇದೆ. ಅದು ದುಬಾರಿ, ಆದರೆ ಪರಿಚಿತ. ಹೊಸದು ಕೆಟ್ಟರೆ ಗಣಿಯಲ್ಲಿ ನೀರು ತುಂಬಿ ಎಲ್ಲವೂ ಮುಳುಗುತ್ತದೆ. ಇಷ್ಟೊಂದು ಅಪಾಯ ಹೊತ್ತು ಅವನೇಕೆ ಕೈಯಿಂದ ದುಡ್ಡು ಹಾಕಬೇಕು?

ಬೋಲ್ಟನ್ ಮತ್ತು ವಾಟ್ ಎಂಜಿನ್ನಿಗೆ ಇಷ್ಟು ಎಂದು ಬೆಲೆ ಕಟ್ಟಲೇ ಇಲ್ಲ. ಬಿಡಿಭಾಗಗಳ ಖರ್ಚು, ಜೋಡಿಸುವ ಖರ್ಚು ಗಿರಾಕಿಯದು. ನಕ್ಷೆ, ತಿಳಿವಳಿಕೆ, ಮೇಲುಸ್ತುವಾರಿ, ಪೇಟೆಂಟಿನ ಪರವಾನಗಿ ಕಂಪನಿಯದು. ಅದಕ್ಕೆ ಪ್ರತಿಫಲವಾಗಿ, ಅದೇ ಕೆಲಸಕ್ಕೆ ಹಳೆಯ ಎಂಜಿನ್ ಎಷ್ಟು ಕಲ್ಲಿದ್ದಲು ಸುಡುತ್ತಿತ್ತೋ ಅದಕ್ಕೆ ಹೋಲಿಸಿದರೆ ಉಳಿದ ಹಣದಲ್ಲಿ ಮೂರನೇ ಒಂದು ಪಾಲನ್ನು ಪ್ರತಿ ವರ್ಷ ಕೊಡಬೇಕು. ಲೆಕ್ಕಕ್ಕಾಗಿ ನಾನೇ ಒಂದು ಉದಾಹರಣೆ ಮಾಡಿದ್ದೇನೆ: ಹಳೆಯ ಎಂಜಿನ್ ವರ್ಷಕ್ಕೆ 900 ಪೌಂಡಿನ ಕಲ್ಲಿದ್ದಲು ತಿನ್ನುತ್ತಿತ್ತು, ಹೊಸದು 300 ಪೌಂಡಿನದು ಎನ್ನೋಣ. ಉಳಿತಾಯ 600. ಅದರಲ್ಲಿ 200 ಕಂಪನಿಗೆ, 400 ಗಣಿಯವನಿಗೆ. ಉಳಿತಾಯವೇ ಆಗದಿದ್ದರೆ ಕಂಪನಿಗೆ ಏನೂ ಇಲ್ಲ. ಹೀಗೆ ಗಿರಾಕಿಯ ಭಯದ ದೊಡ್ಡ ಪಾಲನ್ನು ಮಾರುವವರೇ ಹೊತ್ತುಕೊಂಡರು.

ಈ ಮಾತು ಎಲ್ಲಿ ಚೆನ್ನಾಗಿ ನಾಟುತ್ತದೆ ಎಂಬುದೂ ಮುಖ್ಯ. ಕಲ್ಲಿದ್ದಲ ಗಣಿಯವನಿಗೆ ಕಲ್ಲಿದ್ದಲು ಕಾಲಡಿಯಲ್ಲೇ ಬಿದ್ದಿರುತ್ತದೆ, ಉಳಿಸಿದರೆಷ್ಟು, ಬಿಟ್ಟರೆಷ್ಟು. ಆದರೆ ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಆಳವಾದ ಗಣಿಗಳಿದ್ದವು, ಕಲ್ಲಿದ್ದಲು ಮಾತ್ರ ಇರಲಿಲ್ಲ. ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕಿತ್ತು. ಗಣಿ ಆಳವಾದಷ್ಟೂ ನೀರು ಹೆಚ್ಚು, ನೀರು ಹೆಚ್ಚಿದಷ್ಟೂ ಕಲ್ಲಿದ್ದಲಿನ ಖರ್ಚು ಹೆಚ್ಚು. ಬೋಲ್ಟನ್ ಮತ್ತು ವಾಟ್ ಕಣ್ಣಿಟ್ಟದ್ದು ಅಲ್ಲಿಗೇ. 1777ರಲ್ಲಿ ಅಲ್ಲಿ ಅವರ ಎಂಜಿನ್‌ಗಳು ಓಡತೊಡಗಿದವು. ಕೆಲವೇ ವರ್ಷಗಳಲ್ಲಿ ಹಳೆಯ ಎಂಜಿನ್‌ಗಳು ಹೆಚ್ಚು ಕಡಿಮೆ ಮೂಲೆ ಸೇರಿದವು.

ಪಾಲು ಎಂದ ಮೇಲೆ ಜಗಳವೂ ಬರುತ್ತದೆ. ಎಷ್ಟು ಉಳಿಯಿತು ಎಂದು ಹೇಳುವವರು ಯಾರು? ಮೊದಲು ಹಳೆಯ ಎಂಜಿನ್‌ಗಳನ್ನು ಪರೀಕ್ಷಿಸಿ, ಇಷ್ಟು ನೀರೆತ್ತಲು ಇಷ್ಟು ಕಲ್ಲಿದ್ದಲು ಎಂಬ ಅಳತೆಯನ್ನು ಗೊತ್ತು ಮಾಡಿಕೊಂಡರು. ಹೊಸ ಎಂಜಿನ್ನಿನ ತೊಲೆಯ ಮೇಲೆ ಬೀಗ ಹಾಕಿದ ಪೆಟ್ಟಿಗೆಯೊಳಗೆ ಒಂದು ಎಣಿಕೆ ಯಂತ್ರ ಇಟ್ಟರು. ತೊಲೆ ಒಂದು ಸಲ ಏರಿ ಇಳಿದರೆ ಒಂದು ಅಂಕಿ ಮುಂದೆ ಹೋಗುತ್ತಿತ್ತು. ನಮ್ಮ ಮನೆಯ ಕರೆಂಟ್ ಮೀಟರಿನ ಹಾಗೆ ಅದು ಇಬ್ಬರಿಗೂ ಸಾಕ್ಷಿ.

ನನ್ನ ಮಾಮ ಮೋಟಾರು ರಿವೈಂಡಿಂಗ್ ಅಂಗಡಿ ನಡೆಸುತ್ತಾರೆ, ಹೊಸ ಪಂಪ್‌ಸೆಟ್ಟನ್ನೂ ಮಾರುತ್ತಾರೆ. ಈ ಕಥೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ತೋಟದವರು ಬಂದು ಮೋಟಾರಿನ ಬಣ್ಣ ನೋಡುವುದಿಲ್ಲವಂತೆ. ಗಂಟೆಗೆ ಎಷ್ಟು ನೀರು ಬೀಳುತ್ತದೆ, ಕೆಟ್ಟರೆ ಯಾರು ಬರುತ್ತಾರೆ ಎಂದು ಎರಡೇ ಪ್ರಶ್ನೆ ಕೇಳುತ್ತಾರಂತೆ.

ಎರಡನೆಯ ಪ್ರಶ್ನೆಗೂ ಬೋಲ್ಟನ್ ಬಳಿ ಉತ್ತರವಿತ್ತು. ಎಂಜಿನ್ ಜೋಡಿಸಲು ತರಬೇತಾದ ಕೆಲಸಗಾರರನ್ನು ಅವರು ಗಣಿಗಳಿಗೆ ಕಳಿಸುತ್ತಿದ್ದರು. 1777ರಲ್ಲಿ ಕೆಲಸ ಕೇಳಿಕೊಂಡು ಸ್ಕಾಟ್ಲೆಂಡಿನಿಂದ ಸೋಹೋಗೆ ಬಂದ ವಿಲಿಯಂ ಮರ್ಡಾಕ್ ಎಂಬ ಯುವಕ ಅವರಲ್ಲಿ ಹೆಸರಾದವರು. ಕಾರ್ನ್‌ವಾಲ್‌ನಲ್ಲೇ ಮನೆ ಮಾಡಿಕೊಂಡು, ಎಂಜಿನ್ ಎಲ್ಲಿ ನಿಂತರೂ ಓಡಿಹೋಗುತ್ತಿದ್ದರು. ಮುಂದೆ ಅದೇ ಮನೆಯಲ್ಲಿ ಕಲ್ಲಿದ್ದಲ ಅನಿಲದಿಂದ ದೀಪ ಉರಿಸಿ ತೋರಿಸಿದವರೂ ಅವರೇ. ಮಾರಿದ ಮೇಲೆ ಮರೆತುಬಿಡುವ ವ್ಯಾಪಾರಿಗೆ ಉಳಿತಾಯದ ಪಾಲು ಸಿಗುವುದಿಲ್ಲ. ಎಂಜಿನ್ ನಿಂತರೆ ಗಿರಾಕಿಗೆ ಹೇಗೆ ನಷ್ಟವೋ ಕಂಪನಿಗೂ ಹಾಗೆಯೇ ನಷ್ಟ. ಸೇವೆ ಎಂಬುದು ಔದಾರ್ಯವಾಗಿರಲಿಲ್ಲ, ಒಪ್ಪಂದದೊಳಗೇ ಅಡಗಿತ್ತು.

ಆದರೂ ಹಣ ಬೇಗ ಬರಲಿಲ್ಲ. ಪಾಲು ವರ್ಷ ವರ್ಷ ಹನಿಹನಿಯಾಗಿ ಬರುವಂಥದ್ದು. ಖರ್ಚು ಮಾತ್ರ ಮೊದಲೇ. ಬೋಲ್ಟನ್ ಆಸ್ತಿ ಮಾರಿದರು, ಅಡವಿಟ್ಟರು, ಸಾಲದ ಮೇಲೆ ಸಾಲ ಮಾಡಿದರು. ವಾಟ್ ಸದಾ ಚಿಂತೆಯ ಮನುಷ್ಯ, ಗಿರಾಕಿಗಳ ಜೊತೆ ಚೌಕಾಸಿ ಎಂದರೆ ಅವರಿಗೆ ಆಗದು. ಅವರಿಗೆ ಧೈರ್ಯ ಹೇಳುವ ಕೆಲಸವೂ ಬೋಲ್ಟನ್ ಅವರದೇ.

1781ರ ಹೊತ್ತಿಗೆ ಇನ್ನೊಂದು ಸತ್ಯ ಬೋಲ್ಟನ್‌ರಿಗೆ ಕಂಡಿತು. ಕಾರ್ನ್‌ವಾಲ್ ಒಂದೇ ಇದೆ, ಅಲ್ಲಿನ ಗಣಿಗಳಿಗೆಲ್ಲ ಎಂಜಿನ್ ಕೊಟ್ಟಾದ ಮೇಲೆ ಮುಂದೇನು? ನೀರೆತ್ತುವ ಎಂಜಿನ್ ಮೇಲೆ ಕೆಳಗೆ ಆಡುತ್ತದೆ. ಗಿರಣಿಗೆ ಬೇಕಾದದ್ದು ತಿರುಗುವ ಚಲನೆ. ಅದನ್ನು ರೂಪಿಸುವಂತೆ ಅವರು ವಾಟ್‌ರನ್ನು ಬಿಡದೆ ಒತ್ತಾಯಿಸಿದರು. ವಾಟ್ ಆ ವರ್ಷವೇ ಅದಕ್ಕೆ ಪೇಟೆಂಟ್ ಪಡೆದರು. ಮಾರುಕಟ್ಟೆಯಲ್ಲಿ ಏನು ಬೇಕು ಎಂದು ಮೊದಲು ನೋಡಿ, ಆಮೇಲೆ ಯಂತ್ರ ಮಾಡಿಸಿದ ಸ್ಪಷ್ಟ ಉದಾಹರಣೆ ಇದು.

ಆದರೆ ಹಳೆಯ ಬೆಲೆಯ ಲೆಕ್ಕ ಇಲ್ಲಿ ನಡೆಯುವಂತಿರಲಿಲ್ಲ. ಗಿರಣಿಯವನ ಬಳಿ ಹಳೆಯ ಎಂಜಿನ್ ಇರಲಿಲ್ಲ, ಕುದುರೆಗಳಿದ್ದವು. ಯಾವುದಕ್ಕೆ ಹೋಲಿಸಿ ಉಳಿತಾಯ ತೆಗೆಯುವುದು? ಆಗ ವಾಟ್ ಗಿರಾಕಿಯ ಭಾಷೆಯಲ್ಲೇ ಅಳತೆ ಕಟ್ಟಿದರು. ಒಂದು ಕುದುರೆ ನಿಮಿಷಕ್ಕೆ ಮಾಡುವ ಕೆಲಸ 33,000 ಅಡಿ-ಪೌಂಡ್ ಎಂದು ಗೊತ್ತುಪಡಿಸಿದರು. ಈ ಎಂಜಿನ್ ಹತ್ತು ಕುದುರೆಗೆ ಸಮ ಎಂದರೆ ಗಿರಣಿಯವನಿಗೆ ತಟ್ಟನೆ ಅರ್ಥವಾಗುತ್ತದೆ. ಬೆಲೆಯೂ ಸರಳವಾಯಿತು: ಒಂದು ಅಶ್ವಶಕ್ತಿಗೆ ವರ್ಷಕ್ಕೆ 5 ಪೌಂಡ್, ಲಂಡನ್ನಿನಲ್ಲಿ 6 ಪೌಂಡ್. ಇಂದಿಗೂ ನಮ್ಮ ರೈತರು 5 ಎಚ್.ಪಿ., 10 ಎಚ್.ಪಿ. ಮೋಟಾರು ಎಂದೇ ಕೇಳುತ್ತಾರೆ. ಭೌತಶಾಸ್ತ್ರದ ಪುಸ್ತಕದಲ್ಲಿ ಒಂದು ಅಶ್ವಶಕ್ತಿ ಎಂದರೆ 746 ವಾಟ್ ಎಂದು ಓದುವಾಗ, ಅದು ಮಾರಾಟಕ್ಕಾಗಿ ನೆಲೆನಿಂತ ಅಳತೆ ಎಂಬುದನ್ನು ನೆನಪಿಡಿ.

ಹೊಸ ಗಿರಾಕಿಗಳಿಗೆ ತೋರಿಸಲು ಲಂಡನ್ನಿನ ನಡುವೆಯೇ, ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಬಳಿ, ಆಲ್ಬಿಯನ್ ಮಿಲ್ ಎಂಬ ಹಿಟ್ಟಿನ ಗಿರಣಿ ಎದ್ದಿತು. ಬೋಲ್ಟನ್ ಅದರಲ್ಲಿ ಹಣ ತೊಡಗಿಸಿದರು. 1786ರಲ್ಲಿ ಅದು ಶುರುವಾದಾಗ ನೋಡಲು ಜನ ಮುಗಿಬಿದ್ದರು. 1791ರಲ್ಲಿ ಬೆಂಕಿಗೆ ಸಿಕ್ಕಿ ಗಿರಣಿ ಸುಟ್ಟುಹೋಯಿತು, ಹಣ ಮುಳುಗಿತು. ಆದರೆ ಉಗಿಯಿಂದ ಗಿರಣಿ ತಿರುಗುತ್ತದೆ ಎಂಬುದನ್ನು ಅಷ್ಟರಲ್ಲಿ ಎಲ್ಲರೂ ಕಣ್ಣಾರೆ ಕಂಡಾಗಿತ್ತು. ನೂಲಿನ ಗಿರಣಿಗಳಿಂದಲೂ ಬೇಡಿಕೆ ಬರತೊಡಗಿತ್ತು.

ಇಷ್ಟರವರೆಗೆ ಎಲ್ಲವೂ ಜಾಣತನದ ಕಥೆ. ಆದರೆ ಜೀವನಚರಿತ್ರೆ ಬರೆಯುವಾಗ ಒಳ್ಳೆಯದನ್ನಷ್ಟೇ ಹೇಳಿ ನಿಲ್ಲಿಸುವುದು ನ್ಯಾಯವಲ್ಲ. ಕಾರ್ನ್‌ವಾಲ್‌ನ ಗಣಿ ಪಾಲುದಾರರಿಗೆ ಮೊದಲ ವರ್ಷಗಳಲ್ಲಿ ಮೂರನೇ ಒಂದು ಪಾಲು ಸಿಹಿಯಾಗಿತ್ತು. ವರ್ಷಗಳು ಉರುಳಿದಂತೆ ಹಳೆಯ ಎಂಜಿನ್ ನೆನಪಿನಿಂದ ಜಾರಿತು. ಪ್ರತಿ ಸಲ ಕಟ್ಟಬೇಕಾದ ಹಣ ಮಾತ್ರ ಕಣ್ಣಿಗೆ ಕುಕ್ಕುತ್ತಿತ್ತು. ಅದೇ ಹೊತ್ತಿಗೆ ಆಂಗಲ್‌ಸಿ ದ್ವೀಪದ ಅಗ್ಗದ ತಾಮ್ರ ಮಾರುಕಟ್ಟೆಗೆ ಬಂದು ಬೆಲೆ ಕುಸಿಯಿತು. ಗಣಿಗಳು ನಷ್ಟದಲ್ಲಿದ್ದವು, ಎಂಜಿನ್ನಿನ ಪಾಲು ನಿಲ್ಲಲಿಲ್ಲ. ಬೋಲ್ಟನ್ ತಾವೂ ಗಣಿಗಳಲ್ಲಿ ಪಾಲು ಕೊಂಡು, 1785ರಲ್ಲಿ ತಾಮ್ರದ ಬೆಲೆ ಕಾಪಾಡಲು ಕಂಪನಿಯೊಂದನ್ನು ಕಟ್ಟುವುದಕ್ಕೆ ನೆರವಾಗಿ ಗಿರಾಕಿಗಳನ್ನು ಉಳಿಸಿಕೊಳ್ಳಲು ನೋಡಿದರು. ಅಸಮಾಧಾನ ತಣಿಯಲಿಲ್ಲ.

ಜೊನಾಥನ್ ಹಾರ್ನ್‌ಬ್ಲೋವರ್, ಎಡ್ವರ್ಡ್ ಬುಲ್ ಮುಂತಾದವರು ತಮ್ಮದೇ ಎಂಜಿನ್ ಕಟ್ಟಿದಾಗ ಪೇಟೆಂಟಿನ ಬಲದಿಂದ ಅವರನ್ನು ಕೋರ್ಟಿಗೆ ಎಳೆಯಲಾಯಿತು. ಹಲವು ಗಣಿಗಳು ಪಾಲು ಕಟ್ಟುವುದನ್ನೇ ನಿಲ್ಲಿಸಿದವು. ವರ್ಷಗಟ್ಟಲೆ ಮೊಕದ್ದಮೆ ನಡೆದು 1799ರಲ್ಲಿ ತೀರ್ಪು ಕಂಪನಿಯ ಪರವಾಗಿ ಬಂತು, ಬಾಕಿ ವಸೂಲಾಯಿತು. ಆದರೆ ಮರುವರ್ಷ ಪೇಟೆಂಟಿನ ಅವಧಿ ಮುಗಿದದ್ದೇ ತಡ, ಕಾರ್ನ್‌ವಾಲ್ ಬೋಲ್ಟನ್ ಮತ್ತು ವಾಟ್ ಕಂಪನಿಗೆ ಬೆನ್ನು ತಿರುಗಿಸಿತು. ಅಲ್ಲಿನ ಎಂಜಿನಿಯರುಗಳು ತಾವೇ ಸುಧಾರಿಸಿದ ಎಂಜಿನ್‌ಗಳನ್ನು ಕಟ್ಟಿದರು. 1811ರಿಂದ ಯಾವ ಎಂಜಿನ್ ಎಷ್ಟು ಕಲ್ಲಿದ್ದಲಿಗೆ ಎಷ್ಟು ಕೆಲಸ ಮಾಡಿತು ಎಂದು ಪ್ರತಿ ತಿಂಗಳೂ ಮುದ್ರಿಸಿ ಎಲ್ಲರಿಗೂ ಹಂಚಿದರು. ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದ ಅಳತೆ ಬಯಲಿಗೆ ಬಂತು.

ಈ ಭಾಗವನ್ನು ಓದಿದಾಗ ನಾನು ಬಹಳ ಹೊತ್ತು ಯೋಚಿಸಿದೆ. ಬೋಲ್ಟನ್ ಯಾರನ್ನೂ ವಂಚಿಸಲಿಲ್ಲ. ಒಪ್ಪಂದ ಇಬ್ಬರೂ ಒಪ್ಪಿ ಮಾಡಿಕೊಂಡದ್ದು. ಹಾಗಾದರೆ ತಪ್ಪಿದ್ದೆಲ್ಲಿ? ನನಗೆ ತೋರುವುದು ಇಷ್ಟು: ಗಿರಾಕಿಗೆ ಬೇರೆ ದಾರಿ ಇಲ್ಲದಿದ್ದಾಗ, ಮೊದಲ ದಿನ ನ್ಯಾಯವಾಗಿದ್ದ ಪಾಲು ಇಪ್ಪತ್ತನೇ ವರ್ಷಕ್ಕೆ ಹೊರೆಯಾಗಬಹುದು. ಕೋರ್ಟು ಬಾಕಿಯನ್ನು ಕೊಡಿಸಬಲ್ಲದು, ಮತ್ತೆ ಅಂಗಡಿಗೆ ಬರುವಂತೆ ಮಾಡಲಾರದು. ಹಂಚಿಕೆಯನ್ನು ಕಾಲಕಾಲಕ್ಕೆ ಇಬ್ಬರೂ ಕೂತು ಮತ್ತೆ ಮಾತಾಡಿಕೊಂಡಿದ್ದರೆ ಕಾರ್ನ್‌ವಾಲ್ ಕೈಬಿಟ್ಟು ಹೋಗುತ್ತಿರಲಿಲ್ಲವೇನೋ.

ಕಂಪನಿ ಮಾತ್ರ ಮುಳುಗಲಿಲ್ಲ, ಏಕೆಂದರೆ ಬೋಲ್ಟನ್ 1800 ಬರುವುದನ್ನು ಕಾಯುತ್ತಾ ಕೂತಿರಲಿಲ್ಲ. ಪೇಟೆಂಟ್ ಹೋದ ಮೇಲೆ ಯಾರು ಬೇಕಾದರೂ ಎಂಜಿನ್ ಮಾಡಬಹುದು, ಆಗ ಕೆಲಸದ ಗುಣವೊಂದೇ ಆಸರೆ ಎಂದು ಅರಿತು 1796ರಲ್ಲೇ ಸೋಹೋ ಫೌಂಡ್ರಿ ಎಂಬ ಹೊಸ ಕಾರ್ಖಾನೆ ತೆರೆದು, ಎಂಜಿನ್ನಿನ ಎಲ್ಲ ಭಾಗಗಳನ್ನೂ ತಮ್ಮಲ್ಲೇ ತಯಾರಿಸುವ ಏರ್ಪಾಡು ಮಾಡಿದ್ದರು. ಇಬ್ಬರ ಮಕ್ಕಳೂ ವ್ಯಾಪಾರಕ್ಕೆ ಇಳಿದಿದ್ದರು.

ಕೊನೆಯ ವರ್ಷಗಳಲ್ಲಿ ಬೋಲ್ಟನ್ ಮನಸ್ಸಿಟ್ಟದ್ದು ನಾಣ್ಯದ ಮೇಲೆ. ಆಗ ಇಂಗ್ಲೆಂಡಿನಲ್ಲಿ ಖೋಟಾ ತಾಮ್ರದ ನಾಣ್ಯಗಳ ಹಾವಳಿ. 1788ರಲ್ಲಿ ಅವರು ಉಗಿಯಿಂದ ನಡೆಯುವ ಟಂಕಸಾಲೆ ಕಟ್ಟಿದರು. ಒಂದೇ ಗಾತ್ರ, ಒಂದೇ ತೂಕದ ನಾಣ್ಯಗಳನ್ನು ಒತ್ತಿದರೆ ಖೋಟಾ ಮಾಡುವುದು ಕಷ್ಟ ಎಂಬುದು ಅವರ ಯೋಚನೆ. 1797ರಲ್ಲಿ ಸರ್ಕಾರಕ್ಕಾಗಿ ಒತ್ತಿದ ಪೆನ್ನಿ ಸರಿಯಾಗಿ ಒಂದು ಔನ್ಸ್, ಎರಡು ಪೆನ್ನಿಯ ನಾಣ್ಯ ಎರಡು ಔನ್ಸ್ ತೂಗುತ್ತಿತ್ತು. ನಮ್ಮ ಕಡೆಗೂ ಅವರ ಕೈಕೆಲಸ ಬಂದಿದೆ: ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಪ್ರಾಂತ್ಯಕ್ಕಾಗಿ ತಾಮ್ರದ ನಾಣ್ಯಗಳನ್ನು ಸೋಹೋದಲ್ಲೇ ಒತ್ತಿ ಹಡಗಿನಲ್ಲಿ ಕಳಿಸಲಾಗಿತ್ತು.

1809ರ ಆಗಸ್ಟ್ 17ರಂದು ಬೋಲ್ಟನ್ ತೀರಿಕೊಂಡರು. ಹ್ಯಾಂಡ್ಸ್‌ವರ್ತ್‌ನ ಸಂತ ಮೇರಿ ಚರ್ಚಿನಲ್ಲಿ ಅವರ ಸಮಾಧಿ ಇದೆ; ಮುಂದೆ ವಾಟ್ ಮತ್ತು ಮರ್ಡಾಕ್ ಕೂಡ ಅಲ್ಲಿಯೇ ಮಣ್ಣಾದರು. 2011ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊರತಂದ 50 ಪೌಂಡಿನ ನೋಟಿನ ಮೇಲೆ ಬೋಲ್ಟನ್ ಮತ್ತು ವಾಟ್ ಇಬ್ಬರ ಚಿತ್ರವೂ ಇತ್ತು.

ಇಂದು ಕಾರ್ಖಾನೆಗಳ ವಿದ್ಯುತ್ ಖರ್ಚು ಇಳಿಸಿಕೊಟ್ಟು, ಉಳಿದ ಹಣದಲ್ಲಿ ಪಾಲು ಪಡೆಯುವ ಕಂಪನಿಗಳಿವೆ. ವಿಮಾನದ ಎಂಜಿನ್‌ಗಳ ನಿರ್ವಹಣೆಗೆ ಹಾರಿದ ಗಂಟೆಗಳ ಲೆಕ್ಕದಲ್ಲಿ ಹಣ ಪಡೆಯುವ ಪದ್ಧತಿಯೂ ಇದೆ. ಬೋಲ್ಟನ್ ಹಾಕಿದ ದಾರಿಯಲ್ಲೇ ಇವೆಲ್ಲ ನಡೆಯುತ್ತಿವೆ. ನಮ್ಮಲ್ಲಿ ಕೆಲವರು ಮುಂದೆ ಸಣ್ಣ ಕೈಗಾರಿಕೆ ಶುರು ಮಾಡಬಹುದು, ಕೆಲವರು ಮಾರಾಟ ವಿಭಾಗದಲ್ಲಿ ಕೆಲಸ ಮಾಡಬಹುದು. ಆಗ ಗಿರಾಕಿಯ ಮುಂದೆ ಯಂತ್ರವನ್ನು ಹೊಗಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇದರಿಂದ ಅವನಿಗೆ ಎಷ್ಟು ಉಳಿಯುತ್ತದೆ, ಅದನ್ನು ಇಬ್ಬರೂ ನಂಬುವಂತೆ ಅಳೆಯುವುದು ಹೇಗೆ, ಇಪ್ಪತ್ತು ವರ್ಷದ ನಂತರವೂ ಈ ಹಂಚಿಕೆ ಅವನಿಗೆ ನ್ಯಾಯ ಎನಿಸುತ್ತದೆಯೇ. ಮೊದಲ ಎರಡಕ್ಕೆ ಬೋಲ್ಟನ್ ಉತ್ತರ ಕೊಟ್ಟು ಹೋಗಿದ್ದಾರೆ. ಮೂರನೆಯದನ್ನು ನಾವು ಕಂಡುಕೊಳ್ಳಬೇಕು.